ಟೊಂಕ ಕಟ್ಟಿದವರು

ಒಂದು ಕೆಲಸಕ್ಕೆ ಮನಸ್ಸು ಕೊಟ್ಟು ಸಿದ್ಧನಾದವನನ್ನು ಕಂಡರೆ ಕನ್ನಡಿಗರು 'ಟೊಂಕ ಕಟ್ಟಿ ನಿಂತಿದ್ದಾನೆ' ಎನ್ನುವರು. ಮಾತು ಎಷ್ಟು ಹಳೆಯದೋ ಅದರ ಹಿಂದಿರುವ ಅನುಭವವೂ ಅಷ್ಟೇ ಹಳೆಯದು. ಗರಡಿಯ ಮಣ್ಣಿಗಿಳಿಯುವ ಪೈಲ್ವಾನನು ಮೊದಲು ಲಂಗೋಟಿಯನ್ನು ಬಿಗಿಯುವನು. ಉಳುವವನು ಪಂಚೆಯನ್ನು ಮೇಲೆತ್ತಿ ಸಿಕ್ಕಿಸುವನು. ನಾಟಿಗೆ ಹೋಗುವ ಹೆಂಗಸು ಸೆರಗನ್ನು ಸೊಂಟಕ್ಕೆ ಸುತ್ತುವಳು. ಮೈಯ ಮೇಲರ್ಧವೂ ಕೆಳಗರ್ಧವೂ ಸೇರುವ ಸ್ಥಳವು ಭದ್ರವಾಯಿತೆಂದರೆ ಮನಸ್ಸಿಗೂ ಒಂದು ಭದ್ರತೆ ಬರುವುದೆಂಬುದನ್ನು ದುಡಿಯುವ ಜನರು ಶಾಸ್ತ್ರವನ್ನೋದದೆಯೇ ತಿಳಿದಿದ್ದರು. ಆದರೆ ಬಟ್ಟೆಯನ್ನು ಬಿಗಿದುಕೊಳ್ಳುವುದು ಬೇರೆ, ಆ ಬಿಗಿತಕ್ಕೆ ಪ್ರಾಣವನ್ನು ಒಪ್ಪಿಸುವುದು ಬೇರೆ. ಈ ಎರಡರ ನಡುವಿನ ಅಂತರವು ಚಿಕ್ಕಜಾಜೂರಿನ ಒಂದು ಮನೆಯವರಿಗೆ ಒಂದು ಚಡ್ಡಿಯ ಮೂಲಕ ಗೋಚರವಾಯಿತು.

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುದಾರಿಯಲ್ಲಿ ಬೀರೂರನ್ನು ಕಳೆದು ದಾವಣಗೆರೆಯನ್ನು ಮುಟ್ಟುವ ಮೊದಲು ಚಿಕ್ಕಜಾಜೂರು ಬರುವುದು. ಹೊಳಲ್ಕೆರೆ, ಚಿತ್ರದುರ್ಗಗಳ ಕಡೆಗೆ ಹೋಗುವ ದಾರಿಯು ಇಲ್ಲಿಯೇ ಕವಲೊಡೆಯುತ್ತದೆ. ಹೊರಗಿನವರಿಗೆ ಇದು ಗಾಡಿ ಬದಲಾಯಿಸುವ ಊರು. ಸುತ್ತಲಿನವರಿಗೆ ತೆಂಗು ಅಡಿಕೆಗಳ ಊರು. ಚಿತ್ರದುರ್ಗವೆಂದರೆ ಬಯಲು, ಬಂಡೆ, ಬರ ಎಂದು ತಿಳಿದು ಬಂದವರು ಹೊಳಲ್ಕೆರೆಯ ಸೀಮೆಯಲ್ಲಿ ಸಾಲು ಸಾಲಾಗಿ ನಿಂತ ಅಡಿಕೆಯ ತೋಟಗಳನ್ನು ಕಂಡು ಬೆರಗಾಗುವುದುಂಟು. ಭೀಮಸಮುದ್ರದ ಅಡಿಕೆಯ ವ್ಯಾಪಾರವಂತೂ ದೂರದವರೆಗೆ ಹೆಸರಾದದ್ದು.

ಈ ಊರಿನಲ್ಲಿ ಮೂರು ತಲೆಮಾರಿನಿಂದ ಅಡಿಕೆಯ ಕೊನೆ ಇಳಿಸುವ ಒಂದು ಸಂಸಾರವಿದೆ. ಅಜ್ಜನು ಈಗ ಮರವೇರುವುದನ್ನು ಬಿಟ್ಟಿದ್ದಾನೆ. ಬಿಟ್ಟನೆನ್ನುವುದಕ್ಕಿಂತ ಮರವೇ ಅವನನ್ನು ಬಿಟ್ಟಿತೆನ್ನಬೇಕು: ಹನ್ನೆರಡು ವರ್ಷಗಳ ಹಿಂದೆ ಮಳೆ ನಿಂತ ಮಾರನೆಯ ದಿನ ಪಾಚಿ ಕಟ್ಟಿದ ಮರದಿಂದ ಜಾರಿ ಅರ್ಧ ಮರದಷ್ಟು ಎತ್ತರದಿಂದ ಬಿದ್ದನು. ಜೀವ ಉಳಿಯಿತು, ಬಲಗಾಲು ಮಾತ್ರ ಮೊದಲಿನಂತಾಗಲಿಲ್ಲ. ಈಗ ಏರುವವನು ಅವನ ಮಗ. ಮೊಮ್ಮಗನು ಓದಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ.

ಕೊನೆಗಾರನ ಆಯುಧಗಳು ಬಹಳ ಕಡಮೆ. ಸೊಂಟದಲ್ಲಿ ಸಿಕ್ಕಿಸಿದ ಕತ್ತಿ ಒಂದು; ಎರಡು ಪಾದಗಳನ್ನೂ ಸೇರಿಸಿ ಹಿಡಿಯುವ, ಬಳೆಯಂತೆ ಸುತ್ತಿದ ಹಗ್ಗ ಒಂದು. ಇದನ್ನು ತಳೆಯೆನ್ನುವರು. ನಾರಿನಿಂದಲೋ ಹಳೆಯ ಬಟ್ಟೆಯಿಂದಲೋ ಹೊಸೆದ ಈ ತಳೆಯು ನುಣುಪಾದ ಕಾಂಡವನ್ನು ಕಚ್ಚಿಕೊಳ್ಳುವುದರಿಂದ ಕಾಲಿಗೆ ನೆಲೆ ಸಿಕ್ಕುವುದು. ಕೈಯಿಂದ ಮರವನ್ನು ತಬ್ಬಿ ಮೈಯನ್ನೆತ್ತುವುದು, ತಳೆಯನ್ನು ಮೇಲಕ್ಕೆಳೆದು ಊರುವುದು, ಮತ್ತೆ ತಬ್ಬುವುದು. ನಲವತ್ತು ಐವತ್ತು ಅಡಿಗಳನ್ನು ಹೀಗೆ ಏರುವನು. ಚುರುಕಾದವನು ಒಂದು ಮರದ ತಲೆಯಿಂದಲೇ ಪಕ್ಕದ ಮರವನ್ನು ಸೆಳೆದುಕೊಂಡು ದಾಟುವುದೂ ಉಂಟು. ಕೆಳಗೆ ನಿಂತು ನೋಡುವವರ ಎದೆ ಹೊಡೆದುಕೊಳ್ಳುತ್ತಿರುವಾಗ ಅವನು ಮೇಲಿನಿಂದ ಬೀಡಿಗೆ ಬೆಂಕಿ ಕೇಳುವ ದನಿಯಲ್ಲಿ ಮಾತನಾಡುವನು.

ಮೇಲೆ ಕತ್ತರಿಸಿದ ಕೊನೆಯನ್ನು ಹಾಗೆಯೇ ಎಸೆಯುವುದಿಲ್ಲ. ಎಸೆದರೆ ಅಡಿಕೆ ಚೆದುರಿ ಹೋಗುವುದು, ಒಡೆಯುವುದು, ಆರಿಸುವುದಕ್ಕೆ ಆಳು ಸಾಲದು. ಆದ್ದರಿಂದ ಮೇಲಿನಿಂದ ಕೆಳಕ್ಕೆ ಒಂದು ಹಗ್ಗವನ್ನು ಬಿಡುವರು. ಕೆಳಗೆ ಒಬ್ಬನು ಅದರ ತುದಿಯನ್ನು ಬಿಗಿಹಿಡಿದು ನಿಂತಿರುವನು. ಕೊನೆಯು ಆ ಹಗ್ಗದ ಮೇಲೆ ಜಾರಿ ಮೆಲ್ಲನೆ ಅವನ ಕೈಗೆ ಬಂದು ಸೇರುವುದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು.

ಕಳೆದ ಮಹಾನವಮಿಗೆ ಮೊಮ್ಮಗನು ಊರಿಗೆ ಬಂದನು. ಬೆಂಗಳೂರಿನಲ್ಲಿ ಕೆಲಸ ಮುಗಿದ ಮೇಲೆ ಸಂಜೆಯ ಹೊತ್ತು ಗೋಡೆ ಹತ್ತುವ ವ್ಯಾಯಾಮಶಾಲೆಗೆ ಹೋಗುವುದು ಅವನ ಅಭ್ಯಾಸ. ಆ ನಗರದ ಕಂಠೀರವ ಕ್ರೀಡಾಂಗಣದಲ್ಲಿ ಇಂಥದೊಂದು ಕೃತಕ ಗೋಡೆಯಿದೆ. ಖಾಸಗಿಯವರು ನಡೆಸುವ ಶಾಲೆಗಳೂ ಇವೆ. ಗೋಡೆಗೆ ಬಣ್ಣಬಣ್ಣದ ಹಿಡಿಗಳನ್ನು ತಿರುಪಿನಿಂದ ಬಿಗಿದಿರುವರು. ಹತ್ತುವವನ ಸೊಂಟದಿಂದ ಹೊರಟ ಹಗ್ಗವು ಗೋಡೆಯ ನೆತ್ತಿಯನ್ನು ಬಳಸಿ ಕೆಳಗೆ ನಿಂತ ಜೊತೆಗಾರನ ಕೈಗೆ ಬರುವುದು. ಕೈ ಜಾರಿದರೆ ಜೊತೆಗಾರನು ಹಗ್ಗವನ್ನು ತಡೆಯುವನು. ಜಾರಿದವನು ತೊಟ್ಟಿಲಲ್ಲಿರುವಂತೆ ತೂಗುವನು. ಇಂದು ಈ ಆಟವು ಲೋಕದ ಆಟಗಳಲ್ಲೊಂದಾಗಿದೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಇದಕ್ಕೆ ಮೊದಲ ಸಲ ಸ್ಥಾನ ದೊರೆಯಿತು. 2024ರ ಪ್ಯಾರಿಸ್ ಕೂಟದಲ್ಲಿ ಇಂಡೋನೇಷ್ಯದ ವೆಡ್ರಿಕ್ ಲಿಯೊನಾರ್ಡೊ ಎಂಬಾತನು 15 ಮೀಟರ್ ಗೋಡೆಯನ್ನು 4.75 ಸೆಕೆಂಡಿನಲ್ಲಿ ಏರಿ ಚಿನ್ನದ ಪದಕವನ್ನು ಪಡೆದನು. 15 ಮೀಟರೆಂದರೆ ಸುಮಾರು ನಲವತ್ತೊಂಬತ್ತು ಅಡಿ. ಬಲಿತ ಅಡಿಕೆಯ ಮರದ ಎತ್ತರವೂ ಹೆಚ್ಚು ಕಡಮೆ ಅಷ್ಟೆ.

ಮೊಮ್ಮಗನು ಚೀಲದಿಂದ ತೆಗೆದು ತೋರಿಸಿದ್ದು ಒಂದು ಚಡ್ಡಿ. ನೋಡುವುದಕ್ಕೆ ಮೊಣಕಾಲಿನವರೆಗೆ ಬರುವ ಸಾಧಾರಣವಾದ ಚಡ್ಡಿಯೇ. ಆದರೆ ಅದರ ಒಳಪದರಕ್ಕೂ ಹೊರಪದರಕ್ಕೂ ನಡುವೆ ಸೊಂಟವನ್ನು ಬಳಸುವ ಅಗಲವಾದ ಪಟ್ಟಿಯೊಂದನ್ನೂ, ಎರಡು ತೊಡೆಗಳನ್ನು ಬಳಸುವ ಎರಡು ಪಟ್ಟಿಗಳನ್ನೂ ಇಟ್ಟು ಹೊಲಿದಿದ್ದಾರೆ. ಹೊಕ್ಕುಳ ಕೆಳಗೆ, ಬಟ್ಟೆಯ ಸೀಳಿನಿಂದ, ಗಟ್ಟಿಯಾದ ಕುಣಿಕೆ ಮಾತ್ರ ಹೊರಗೆ ಕಾಣುವುದು. ಹಗ್ಗವನ್ನು ಕಟ್ಟುವುದು ಆ ಕುಣಿಕೆಗೆ. ಬೇರೆಯಾದ ಪಟ್ಟಿಯನ್ನು ಬಟ್ಟೆಯ ಮೇಲೆ ಕಟ್ಟಿಕೊಂಡರೆ ಅದು ಜರುಗುವುದು, ಒತ್ತುವುದು, ಬಟ್ಟೆಯನ್ನು ಮುದುರಿಸುವುದು. ಈ ಚಡ್ಡಿಯಲ್ಲಿ ಆ ತೊಂದರೆಯಿಲ್ಲ: ತೊಟ್ಟುಕೊಂಡರೆ ಆಯಿತು.

ಅಜ್ಜನು ಅದನ್ನು ಕೈಯಲ್ಲಿ ಹಿಡಿದು ಒಳಗು ಹೊರಗು ಮಾಡಿದನು. ಪಟ್ಟಿಯನ್ನು ಬೆರಳಿನಿಂದ ಒತ್ತಿದನು.

"ಇದೇನ್ಲಾ ಮಗಾ, ಎತ್ತಿಗೆ ಜತ್ತಿಗೆ ಹಾಕಿದಂಗೆ ಐತೆ?"

"ಹೂಂ ಅಜ್ಜ, ಜತ್ತಿಗೇನೇ. ಚಡ್ಡಿ ಒಳಗೆ ಹೊಲ್ದಿದಾರೆ ಅಷ್ಟೇ."

"ಎಷ್ಟು ಭಾರ ತಡೀತೈತೆ?"

"ಈ ಥರದ ಪಟ್ಟಿಗೆ ಸಾವಿರದೈನೂರು ಕೆಜಿ ತೂಕ ಬಿಟ್ಟಷ್ಟು ಜಗ್ಗಿ ನೋಡ್ತಾರೆ ಅಜ್ಜ. ಅದಕ್ಕೂ ಕಿತ್ತು ಬರಬಾರದು."

ಅಜ್ಜನು ಮಗನ ಕಡೆಗೆ ನೋಡಿದನು. ಮಗನು ಏನೂ ಹೇಳದೆ ಬಾಗಿಲ ಬಳಿ ಕುಳಿತು ನಾಳೆಯ ಪೂಜೆಗೆ ಕತ್ತಿಯನ್ನು ಉಜ್ಜುತ್ತಿದ್ದನು.

ಮೊಮ್ಮಗನು ಹೇಳಿದ್ದರಲ್ಲಿ ಅತಿಶಯವಿರಲಿಲ್ಲ. ಪರ್ವತಾರೋಹಿಗಳ ಅಂತರರಾಷ್ಟ್ರೀಯ ಒಕ್ಕೂಟವು ಸೊಂಟ ತೊಡೆಗಳ ಪಟ್ಟಿಗೆ 15 ಕಿಲೋನ್ಯೂಟನ್ ಬಲದ ಪರೀಕ್ಷೆಯನ್ನು ವಿಧಿಸಿದೆ. ಅದು ಸುಮಾರು ಒಂದೂವರೆ ಸಾವಿರ ಕಿಲೋಗ್ರಾಮಿನ ತೂಕಕ್ಕೆ ಸಮ. ಆದರೆ ಈ ಪಟ್ಟಿಯು ಬಹಳ ಹಳೆಯದೇನೂ ಅಲ್ಲ. 1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟಿನ ಶಿಖರವನ್ನು ಮುಟ್ಟಿದಾಗ ಅವರಿಬ್ಬರನ್ನೂ ಬಂಧಿಸಿದ್ದ ಹಗ್ಗವು ನೇರವಾಗಿ ಸೊಂಟಕ್ಕೆ ಸುತ್ತಿದ್ದೇ ಆಗಿತ್ತು. ಹಾಗೆ ಸೊಂಟಕ್ಕೆ ಮಾತ್ರ ಕಟ್ಟಿದ ಹಗ್ಗದಲ್ಲಿ ಬಿದ್ದು ತೂಗಾಡಿದರೆ ಅದು ಪಕ್ಕೆಲುಬಿಗೆ ಏರಿ ಉಸಿರನ್ನು ಕಟ್ಟುವುದು; ಬಿದ್ದವನು ನೆಲದಿಂದ ಪಾರಾಗಿ ಹಗ್ಗಕ್ಕೆ ಬಲಿಯಾಗಬಹುದು. ಭಾರವನ್ನು ತೊಡೆಗಳಿಗೂ ಹಂಚಬೇಕೆಂಬ ವಿಚಾರವು ಮೆಲ್ಲಮೆಲ್ಲನೆ ಬೆಳೆದು, 1970ರಲ್ಲಿ ಅನ್ನಪೂರ್ಣದ ದಕ್ಷಿಣಮುಖವನ್ನೇರಲು ಹೊರಟ ಬ್ರಿಟಿಷ್ ತಂಡಕ್ಕಾಗಿ ಡಾನ್ ವಿಲನ್ಸ್ ಎಂಬಾತನು ಕುಳಿತಂತೆ ತೂಗಬಹುದಾದ ಪಟ್ಟಿಯೊಂದನ್ನು ರೂಪಿಸಿದನು. ಅವನ ಹೆಸರಿನಿಂದಲೇ ಅದು ಲೋಕಕ್ಕೆ ಪರಿಚಿತವಾಯಿತು. ಆ ಪಟ್ಟಿಯನ್ನು ಚಡ್ಡಿಯೊಳಗೇ ಅಡಗಿಸುವ ಪ್ರಯತ್ನವು ಈ ಶತಮಾನದ್ದು. ಸ್ವಿಟ್ಸರ್ಲೆಂಡಿನಲ್ಲಿ 1862ರಲ್ಲಿ ಹಗ್ಗ ಹೊಸೆಯುವ ಮನೆಯಾಗಿ ಆರಂಭವಾದ ಮ್ಯಾಮಟ್ ಸಂಸ್ಥೆಯು ಇಂಥ ಚಡ್ಡಿಯನ್ನು ಮಾರುಕಟ್ಟೆಗೆ ತಂದಿತು. ಹಗ್ಗ ಹೊಸೆಯುತ್ತಿದ್ದವರೇ ಕಡೆಗೆ ಉಡುಪನ್ನು ಹೊಲಿದರೆಂಬುದು ಗಮನಿಸತಕ್ಕದ್ದು. ಉಡುಪೂ ಹಗ್ಗವೂ ಒಂದೇ ಆದ ಕಥೆಯಿದು.

ಮಾರನೆಯ ದಿನ ಆಯುಧಪೂಜೆ. ಮನೆಯ ನಡುವೆ ಮಣೆಯ ಮೇಲೆ ಎರಡು ಕತ್ತಿ, ಒಂದು ಕುಡುಗೋಲು, ತಳೆ, ಕೊನೆ ಜಾರಿಸುವ ಹಗ್ಗ, ಇವುಗಳನ್ನು ಇಟ್ಟರು. ಮೊಮ್ಮಗನ ದುಡಿಮೆಯ ಯಂತ್ರವೂ ಅಲ್ಲಿಗೆ ಬಂದಿತು. ಅಜ್ಜಿಯು ಚಡ್ಡಿಯನ್ನೂ ತಂದಿಡೆಂದಳು. ಏರುವವನ ಸಾಮಾನೆಂದ ಮೇಲೆ ಅದೂ ಆಯುಧವೇ ಎಂಬುದು ಅವಳ ನ್ಯಾಯ. ಚಡ್ಡಿಗೆ ಪೂಜೆಯೆ ಎಂದು ಮೊಮ್ಮಗನು ನಕ್ಕನಾದರೂ ತಂದಿಟ್ಟನು. ಆದರೆ ಅಜ್ಜಿಯು ಅರಿಸಿನ ಕುಂಕುಮದ ಬಟ್ಟಲನ್ನೆತ್ತಿಕೊಂಡಾಗ ಅವನು ಕೈಯನ್ನು ಅಡ್ಡ ಹಿಡಿದನು.

"ಅಜ್ಜಿ, ಇದಕ್ಕೆ ಬಣ್ಣಗಿಣ್ಣ ತಾಕಿಸಬಾರದಂತೆ. ದಾರಕ್ಕೆ ಏನು ಹಚ್ಚಿದರೆ ಏನಾಗುತ್ತೋ ಹೇಳೋಕಾಗಲ್ಲ, ಸುಮ್ನೆ ಇಟ್ಟಿದ್ರೂ ಹತ್ತು ವರ್ಷಕ್ಕೆ ತೆಗೆದುಬಿಡಬೇಕು ಅಂತ ಬರೆದಿದಾರೆ."

ಅಜ್ಜಿಯು ಸ್ವಲ್ಪ ಹೊತ್ತು ಯೋಚಿಸಿ ಒಂದು ಸೇವಂತಿಗೆಯ ಹೂವನ್ನು ಮಾತ್ರ ಅದರ ಮೇಲಿಟ್ಟಳು. ತಳೆಗೆ ಮಾತ್ರ ಎಂದಿನಂತೆ ಅರಿಸಿನವೂ ಕುಂಕುಮವೂ ಸಂದುವು. ಅದಕ್ಕೆ ಹತ್ತು ವರ್ಷದ ಆಯುಸ್ಸನ್ನು ಯಾರೂ ಬರೆದಿರಲಿಲ್ಲ. ಅಜ್ಜನು ಹಿಂದಿನ ಸಂಜೆಯೇ ಅದನ್ನು ಹೊಸದಾಗಿ ಹೊಸೆದಿದ್ದನು. ಒಂದು ಕೊಯ್ಲಿಗೆ ಒಂದು ತಳೆ ಎಂಬುದು ಆ ಮನೆಯ ನಿಯಮ.

ಪೂಜೆಯಾದ ಮೇಲೆ ಅಜ್ಜನು ಚಡ್ಡಿಯನ್ನು ಮತ್ತೊಮ್ಮೆ ಕೈಗೆ ತೆಗೆದುಕೊಂಡು ಕೇಳಿದ ಪ್ರಶ್ನೆಯು ಸಣ್ಣದು. "ಒಳಗೆ ಹೊಲ್ದವ್ರೆ, ಸರಿ. ಸವೆದದ್ದು ನಿನಗೆ ಹೆಂಗೆ ಕಾಣ್ತೈತೆ?"

ಎಷ್ಟೋ ಶಾಸ್ತ್ರಜ್ಞರು ಕೇಳಿರುವ ಪ್ರಶ್ನೆಯಿದು. ಏರುವವರ ಚರಿತ್ರೆಯಲ್ಲಿ ಇದಕ್ಕೆ ಉತ್ತರವಾಗಿ ಎರಡು ದುರ್ಘಟನೆಗಳು ನಿಂತಿವೆ. ಅಮೆರಿಕದ ಲಿನ್ ಹಿಲ್ ಎಂಬಾಕೆಯು ಲೋಕದ ಅಗ್ರಗಣ್ಯ ಆರೋಹಿಗಳಲ್ಲೊಬ್ಬಳು. 1989ರಲ್ಲಿ ಫ್ರಾನ್ಸಿನ ಬ್ಯೂವೆಂಬಲ್ಲಿ ಬಂಡೆಯನ್ನೇರುವ ಮೊದಲು ಹಗ್ಗವನ್ನು ಪಟ್ಟಿಗೆ ಪೋಣಿಸಿದಳು. ಗಂಟು ಹಾಕಿ ಮುಗಿಸುವ ಮುನ್ನ ಗಮನವು ಬೇರೆ ಕಡೆಗೆ ಹೋಯಿತು. ಮೇಲೆ ತೊಟ್ಟಿದ್ದ ಅಂಗಿಯು ಅರ್ಧ ಹಾಕಿದ ಗಂಟನ್ನು ಮರೆಮಾಡಿತ್ತು. ನೆತ್ತಿಯನ್ನು ತಲುಪಿ ಹಗ್ಗದ ಮೇಲೆ ಭಾರ ಬಿಟ್ಟೊಡನೆ ಅದು ಜಾರಿ ಬಂದಿತು. ಎಪ್ಪತ್ತು ಅಡಿಗಳಿಗೂ ಮಿಕ್ಕ ಎತ್ತರದಿಂದ ಬಿದ್ದವಳನ್ನು ನಡುವಿನ ಒಂದು ಮರವು ತಡೆದು ಉಳಿಸಿತು. ಆಕೆಯು ಚೇತರಿಸಿಕೊಂಡು 1993ರಲ್ಲಿ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ 'ನೋಸ್' ಎಂಬ ಪ್ರಸಿದ್ಧವಾದ ದಾರಿಯನ್ನು ಕೈಕಾಲುಗಳ ಬಲದಿಂದಲೇ ಏರಿ ಕೀರ್ತಿ ಪಡೆದಳು. ಅದೇ ಯೊಸೆಮಿಟಿಯಲ್ಲಿ 2006ರಲ್ಲಿ ಟಾಡ್ ಸ್ಕಿನ್ನರ್ ಎಂಬ ಮತ್ತೊಬ್ಬ ನುರಿತ ಆರೋಹಿಗೆ ಅಂಥ ಭಾಗ್ಯವಿರಲಿಲ್ಲ. ಅವನ ಸೊಂಟದ ಪಟ್ಟಿಯ ಕುಣಿಕೆಯು ಸವೆದಿತ್ತು. ಸವೆದದ್ದು ಅವನಿಗೆ ತಿಳಿದೂ ಇತ್ತು; ಹೊಸದಕ್ಕೆ ಹೇಳಿಕಳುಹಿಸಿದ್ದನು. ಹೊಸದು ಬರುವ ಮೊದಲೇ ಹಳೆಯದು ಹರಿಯಿತು.

ಒಬ್ಬಳು ನೋಡದೆ ಬಿದ್ದಳು. ಇನ್ನೊಬ್ಬನು ನೋಡಿಯೂ ತಡಮಾಡಿ ಬಿದ್ದನು. ಇಬ್ಬರೂ ಎಳೆಯರಲ್ಲ, ಅಜಾಗರೂಕರೆಂದು ಹೆಸರಾದವರೂ ಅಲ್ಲ. ಬಳಕೆಯು ಹೆಚ್ಚಿದಂತೆ ಕಣ್ಣು ಮಬ್ಬಾಗುವುದು ಮನುಷ್ಯಸ್ವಭಾವ. ಹೀಗಿರುವಲ್ಲಿ, ಪಟ್ಟಿಯನ್ನು ಬಟ್ಟೆಯೊಳಗೆ ಸೇರಿಸಿದವರು ಒಂದು ಉಪಕಾರವನ್ನೂ ಒಂದು ಅಪಾಯವನ್ನೂ ಜೊತೆಯಾಗಿ ಹೊಲಿದಿದ್ದಾರೆ. ತೊಟ್ಟವನು ಪಟ್ಟಿಯನ್ನು ಮರೆತು ಬರುವ ಸಂಭವವಿಲ್ಲವೆಂಬುದು ಉಪಕಾರ. ಪಟ್ಟಿಯಿದೆಯೆಂಬುದನ್ನೇ ಮರೆಯುವ ಸಂಭವವಿದೆಯೆಂಬುದು ಅಪಾಯ. ಇದಲ್ಲದೆ ಚಡ್ಡಿಯ ಅಳತೆಯು ಮೈಗೆ ಸರಿಯಾಗಿ ಹೊಂದಬೇಕು. ಸೊಂಟದ ಪಟ್ಟಿಯು ಇಕ್ಕೆಲದ ಎಲುಬಿನ ಮೇಲ್ಭಾಗದಲ್ಲಿ ನಿಲ್ಲದೆ ಕೆಳಗೆ ಜಾರಿದರೆ, ತಲೆಕೆಳಗಾಗಿ ಬಿದ್ದವನು ಅದರಿಂದ ನುಣುಚಿಕೊಳ್ಳಬಹುದು. ತೊಟ್ಟವನು ಒಂದು ವರ್ಷದಲ್ಲಿ ಸಣ್ಣಗಾದರೆ ಬಟ್ಟೆಯನ್ನು ಮಡಿಸಿ ಸಿಕ್ಕಿಸಬಹುದು, ಭದ್ರತೆಯನ್ನು ಸಿಕ್ಕಿಸಲಾಗದು.

ಅಜ್ಜನ ಪದ್ಧತಿಯನ್ನು ಮೊಮ್ಮಗನು ಚಿಕ್ಕಂದಿನಿಂದ ನೋಡಿದ್ದವನು. ಪ್ರತಿಯೊಂದು ಮರದ ಬುಡದಲ್ಲಿಯೂ ಅಜ್ಜನು ತಳೆಯನ್ನು ಕಾಲಿಗೆ ಹಾಕಿ, ಮರಕ್ಕೊತ್ತಿ, ಒಂದು ಗೇಣು ಎತ್ತರದಲ್ಲಿಯೇ ಮೈಭಾರವನ್ನೆಲ್ಲ ಬಿಟ್ಟು ಎರಡು ಸಲ ತುಳಿದು ನೋಡುತ್ತಿದ್ದನು. ಆಮೇಲೆ ಮೇಲಕ್ಕೆ. ನೂರು ಮರಕ್ಕೆ ನೂರು ಸಲ. ಹುಡುಗನಾಗಿದ್ದಾಗ ಅದೊಂದು ಶಾಸ್ತ್ರವೆಂದು, ನಮಸ್ಕಾರದಂಥ ಆಚಾರವೆಂದು ಅವನು ತಿಳಿದಿದ್ದನು. ಬೆಂಗಳೂರಿನ ಶಾಲೆಯಲ್ಲಿ ಮೊದಲ ದಿನವೇ, ಹತ್ತುವ ಮೊದಲು ಒಬ್ಬರ ಗಂಟನ್ನು ಇನ್ನೊಬ್ಬರು ನೋಡಿ ಜಗ್ಗಬೇಕೆಂದು ಹೇಳಿಕೊಟ್ಟಾಗ, ಅಜ್ಜನ ಕಾಲು ಅವನ ಕಣ್ಣ ಮುಂದೆ ಬಂದಿತ್ತು. ಅಜ್ಜನು ಬಿದ್ದ ದಿನವೂ ತಳೆಯು ಹರಿದಿರಲಿಲ್ಲ. ಜಾರಿದ್ದು ಮರ. ತಳೆಯು ಕಾಲಿಗೆ ನೆಲೆಯನ್ನು ಕೊಡುವುದು. ಬೀಳುವವನನ್ನು ಹಿಡಿಯುವ ಶಕ್ತಿ ಅದಕ್ಕಿಲ್ಲ.

ಹಗ್ಗವಿಲ್ಲದೆ ಏರುವುದರಲ್ಲಿ ಒಂದು ಘನತೆಯಿದೆಯೆನ್ನುವವರುಂಟು. ಚಿತ್ರದುರ್ಗದ ಕೋಟೆಗೆ ಹೋದವರು ಇದನ್ನು ಒಪ್ಪದಿರಲಾರರು. ತುಪ್ಪದ ಕೊಳದ ಬಂಡೆಯಲ್ಲಿ ಪಾದದ ತುದಿಗಷ್ಟೇ ಎಡೆಕೊಡುವ ಕಚ್ಚುಗಳನ್ನು ಹಿಡಿದು ಹತ್ತುವಾಗ ಎಂಥವನಿಗೂ ಪಾಳೆಯಗಾರರ ಕಾಲದ ಕಾವಲುಗಾರರ ನೆನಪು ಬರುವುದು. ಅದೇ ಕೋಟೆಯ ನೆಟ್ಟಗಿನ ಗೋಡೆಗಳನ್ನು ಕೈಗೆ ಪುಡಿ ಹಚ್ಚಿಕೊಂಡು, ಹಗ್ಗವಿಲ್ಲದೆ, ನೋಡುವವರ ಉಸಿರು ನಿಲ್ಲುವಂತೆ ಏರಿ ಜ್ಯೋತಿರಾಜರು ದೇಶಕ್ಕೆಲ್ಲ ಪರಿಚಿತರಾದರು. ತಮಿಳುನಾಡಿನಿಂದ ಬಂದ ಅವರು ಕೋತಿಗಳನ್ನು ನೋಡಿ ಈ ವಿದ್ಯೆಯನ್ನು ಕಲಿತುದಾಗಿ ಹೇಳಿಕೊಂಡಿದ್ದಾರೆ; ಜನರು ಪ್ರೀತಿಯಿಂದ ಕೋತಿರಾಜನೆಂದು ಕರೆಯುತ್ತಾರೆ. ಅವರ ಸಾಹಸವನ್ನು ಕಂಡು ಕೈತಟ್ಟದವರಿಲ್ಲ. ಆದರೆ ಅಲ್ಲಿ ಹಗ್ಗವನ್ನು ಬಿಟ್ಟದ್ದು ಏರುವವನ ಇಷ್ಟ. ಕೊನೆಗಾರನು ಹಗ್ಗವನ್ನು ಬಿಟ್ಟವನಲ್ಲ; ಅವನಿಗೆ ಅದನ್ನು ಯಾರೂ ಕೊಟ್ಟೇ ಇಲ್ಲ. ಅವನ ಎತ್ತರಕ್ಕೆ ಕೈತಟ್ಟುವವರೂ ಇಲ್ಲ.

ಮರದ ವಿಷಯದಲ್ಲಿ ಈ ನಾಡು ಉದಾಸೀನವಾಗಿತ್ತೆಂದು ಹೇಳುವಂತಿಲ್ಲ. ಅಡಿಕೆಯ ಕೊಳೆರೋಗವನ್ನು ಕುರಿತು ಲೆಸ್ಲಿ ಕೋಲ್ಮನ್ ಅವರು ಬರೆದ ಶಾಸ್ತ್ರೀಯ ವಿವರಣೆಯನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯು 1910ರಲ್ಲಿಯೇ ಪ್ರಕಟಿಸಿತು. ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿದ ಬೋರ್ಡೋ ದ್ರಾವಣವು ಅಡಿಕೆಯ ಕೊನೆಗಳನ್ನು ಇಂದಿಗೂ ಕಾಯುತ್ತಿದೆ. ಕೊನೆಯನ್ನು ಕಾಯುವ ಔಷಧವನ್ನು ಹೊತ್ತು ಮಳೆಯಲ್ಲಿ ಮೇಲೇರುವವನನ್ನು ಏನು ಕಾಯಬೇಕೆಂಬ ಪ್ರಶ್ನೆಯು ಮಾತ್ರ ಬಹಳ ತಡವಾಗಿ ಎದ್ದಿತು. ಎದ್ದ ಮೇಲೆ ಕೆಲವು ಉತ್ತರಗಳೂ ಬಂದಿವೆ. ನೆಲದ ಮೇಲೆಯೇ ನಿಂತು ಔಷಧ ಹೊಡೆಯುವುದಕ್ಕೂ ಕೊನೆ ಕೊಯ್ಯುವುದಕ್ಕೂ ಹಗುರವಾದ ಕಾರ್ಬನ್ ಫೈಬರಿನ ದೋಟಿಗಳು ಬಂದಿವೆ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕರಾದ ಗಣಪತಿ ಭಟ್ಟರು ರೂಪಿಸಿದ, ಕುಳಿತು ಮರವೇರುವ ಯಂತ್ರವು 2019ರಲ್ಲಿ ಎಲ್ಲೆಲ್ಲಿಯೂ ಮಾತಿಗೆ ವಿಷಯವಾಯಿತು. ಆದರೂ ಅನೇಕ ತೋಟಗಳಲ್ಲಿ ಇಂದಿಗೂ ಏರುವುದು ತಳೆಯೂ ತೊಡೆಯೂ.

ಮೊಮ್ಮಗನು ನವಮಿಯ ಮಾರನೆಯ ದಿನ ತಂದೆಯ ಜೊತೆ ತೋಟಕ್ಕೆ ಹೋದನು. ಹಿಂದೆ ನೂರು ಸಲ ನೋಡಿದ ಕೆಲಸವನ್ನೇ ಆ ದಿನ ಬೇರೆ ಕಣ್ಣಿನಿಂದ ನೋಡಿದನು. ತಂದೆಯು ಮೇಲಿನಿಂದ ಹಗ್ಗವನ್ನು ಬಿಟ್ಟನು. ಕೆಳಗಿನ ಆಳು ಅದರ ತುದಿಯನ್ನು ಹಿಡಿದು, ಕಾಲನ್ನು ಊರಿ, ಕಣ್ಣನ್ನು ಮೇಲಕ್ಕಿಟ್ಟು ನಿಂತನು. ಕೊನೆಯು ಜಾರಿ ಬಂದಿತು. ಬೆಂಗಳೂರಿನ ಗೋಡೆಯ ಬುಡದಲ್ಲಿ ಜೊತೆಗಾರನು ನಿಲ್ಲುವುದೂ ಹೀಗೆಯೇ: ಅದೇ ಊರಿದ ಕಾಲು, ಮೇಲಿಟ್ಟ ಅದೇ ಕಣ್ಣು. ಇಲ್ಲಿ ಹಗ್ಗವೂ ಇದೆ, ಹಗ್ಗ ಹಿಡಿಯುವವನೂ ಇದ್ದಾನೆ, ಅವನಿಗೆ ಕೂಲಿಯೂ ಸಲ್ಲುತ್ತಿದೆ. ಇಷ್ಟೆಲ್ಲವೂ ಕೊನೆಗೆ, ಕೊನೆಗಾರನಿಗಲ್ಲ.

ಆ ಚಡ್ಡಿಯನ್ನು ತಂದೆಗೆ ತೊಡಿಸಿದರಾಯಿತೆಂದು ಅವನಿಗೆ ತೋರಿತ್ತು. ಸ್ವಲ್ಪ ಯೋಚಿಸಿದ ಮೇಲೆ ಅದು ಸಲ್ಲದೆಂದು ತಿಳಿಯಿತು. ವ್ಯಾಯಾಮಶಾಲೆಯ ಗೋಡೆಯ ನೆತ್ತಿಯಲ್ಲಿ ಉಕ್ಕಿನ ಬಳೆಯಿದೆ. ಹಗ್ಗವು ಮೇಲಿನಿಂದ ಬರುವುದು. ಅಡಿಕೆಯ ಮರದ ಮೇಲೆ ಆಕಾಶವಿದೆ. ಮೇಲೆ ಹಿಡಿಯುವ ಹಗ್ಗವಿಲ್ಲದಿದ್ದರೆ ಸೊಂಟದ ಪಟ್ಟಿಯು ಎಷ್ಟು ಸಾವಿರ ಕಿಲೋ ತಡೆದರೂ ಬರಿಯ ಅಲಂಕಾರ. ಇಲ್ಲಿ ಬೇಕಾದದ್ದು, ವಿದ್ಯುತ್ ಕಂಬವನ್ನೇರುವವರು ಕಟ್ಟಿಕೊಳ್ಳುವಂಥ, ಪಕ್ಕಗಳಲ್ಲಿ ಬಳೆಗಳುಳ್ಳ ಪಟ್ಟಿ ಮತ್ತು ಮರವನ್ನೇ ಬಳಸಿ ಬಿಗಿಯಾಗುವ ಪಟ್ಟಿಹಗ್ಗ. ದೀಪಾವಳಿಗೆ ಬರುವಾಗ ಅವನು ಅದನ್ನು ತಂದನು.

ತಂದೆಯು ಮಗನ ಮಾತಿಗೆ ಒಂದು ಮರವನ್ನು ಹತ್ತಿ ನೋಡಿದನು. ಪಟ್ಟಿಹಗ್ಗವನ್ನು ಕಾಂಡಕ್ಕೆ ಎರಡು ಸುತ್ತು ಹಾಕಿ, ಪ್ರತಿ ಎತ್ತುವಿಕೆಗೂ ಅದನ್ನು ಸಡಿಲಿಸಿ ಮೇಲಕ್ಕೆ ಸರಿಸಬೇಕು. ಮೇಲೆ ಹೋಗಿ ಹಿಂದಕ್ಕೊರಗಿ ಎರಡು ಕೈಗಳನ್ನೂ ಬಿಟ್ಟು ಕತ್ತಿಯನ್ನು ಹಿಡಿದಾಗ ಅವನ ಮುಖದಲ್ಲಿ ಒಂದು ಕ್ಷಣ ಹುಡುಗನ ನಗೆ ಕಾಣಿಸಿತು. ಇಳಿದು ಬಂದ ಮೇಲೆ ಆ ನಗೆಯಿರಲಿಲ್ಲ.

"ಚೆನ್ನಾಗೈತೆ ಕಣಪ್ಪ. ಆದ್ರೆ ಎರಡು ಮರ ಹತ್ತೋ ಹೊತ್ತಿಗೆ ಒಂದು ಮರ ಆಗ್ತೈತೆ. ನಮಗೆ ಕೂಲಿ ಕೊನೆ ಲೆಕ್ಕ. ಸಂಜೆಗೆ ಅರ್ಧ ಕೂಲಿ ತಂದ್ರೆ ಮನೆ ನಡೀತೈತಾ?"

ಮಗನು ಉತ್ತರವನ್ನು ಹುಡುಕುತ್ತ ನಿಂತನು. ತಾನು ಸಂಜೆಯ ಹೊತ್ತು ದುಡ್ಡು ಕೊಟ್ಟು ಏರುವನು. ತಂದೆಯು ಹಗಲೆಲ್ಲ ದುಡ್ಡಿಗಾಗಿ ಏರುವನು. ತನ್ನ ಭದ್ರತೆಗೆ ತಗಲುವ ಸಮಯವು ವಿನೋದದ ಒಂದು ಭಾಗ. ತಂದೆಯ ಭದ್ರತೆಗೆ ತಗಲುವ ಸಮಯವು ಅನ್ನದಿಂದ ಕಳೆಯತಕ್ಕದ್ದು. ಲೆಕ್ಕವು ಹೀಗಿರುವ ತನಕ ಯಾವ ದೇಶದವರು ಎಂಥ ಪಟ್ಟಿಯನ್ನು ಹೊಲಿದರೂ ಅದು ಗೂಟಕ್ಕೆ ನೇತುಹಾಕತಕ್ಕ ವಸ್ತುವೇ.

ಆ ತೋಟದ ಯಜಮಾನರು ಓದು ಬಲ್ಲವರು, ದಯಾಳುಗಳು. ಅಜ್ಜನು ಬಿದ್ದಾಗ ಆಸ್ಪತ್ರೆಯ ಖರ್ಚಿಗೆ ಕೈ ಹಿಂತೆಗೆದವರಲ್ಲ. ಸಂಜೆ ತಂದೆ ಮಗ ಇಬ್ಬರೂ ಅವರ ಮನೆಯ ಜಗಲಿಯ ಬಳಿ ಹೋಗಿ ಸಂಗತಿಯನ್ನು ತಿಳಿಸಿದರು. ಕೂಲಿಯನ್ನು ಕೊನೆಯ ಲೆಕ್ಕದಿಂದ ದಿನದ ಲೆಕ್ಕಕ್ಕೆ ಬದಲಾಯಿಸಿದರೆ ಪಟ್ಟಿ ಕಟ್ಟಿಕೊಂಡೇ ಏರಬಹುದೆಂದು ಮಗನು ಬಿನ್ನವಿಸಿದನು. ಯಜಮಾನರು ಪಟ್ಟಿಯನ್ನು ಕೈಯಲ್ಲಿ ಹಿಡಿದು ಮೆಚ್ಚಿದರು. ಆಮೇಲೆ ಕೊಯ್ಲಿಗೆ ಎಷ್ಟು ದಿನ ಹೆಚ್ಚಾಗುವುದೆಂದು ಕೇಳಿದರು. ಹೆಚ್ಚು ಕಡಮೆ ಇಮ್ಮಡಿಯಾಗುವುದೆಂದು ತಿಳಿದ ಮೇಲೆ ಸುಮ್ಮನಾದರು. ಈಗಿನ ಕಾಲದಲ್ಲಿ ಆಳು ಸಿಕ್ಕುವುದೇ ಕಷ್ಟ, ಧಾರಣೆಯನ್ನು ನಂಬುವಂತಿಲ್ಲ, ಮುಂದಿನ ವರ್ಷ ನೋಡೋಣವೆಂದರು. ಮಾತಿನಲ್ಲಿ ಕಾಠಿಣ್ಯವಿರಲಿಲ್ಲ, ಅದಕ್ಕಾಗಿಯೇ ಅದಕ್ಕೆ ಪ್ರತಿ ಹೇಳುವುದು ಕಷ್ಟವಾಗಿತ್ತು.

ಒಳಗಿನಿಂದ ಕಾಫಿಯನ್ನು ತಂದ ಮನೆಯಾಕೆಯು ಲೋಟಗಳನ್ನು ಕೆಳಗಿಟ್ಟು ಕೇಳಿದರು: "ಕೊನೆಗೆ ಹಗ್ಗ ಹಿಡ್ಕೊಂಡು ಕೆಳಗೆ ನಿಲ್ತಾನಲ್ಲ, ಅವನಿಗೆ ಯಾವ ಲೆಕ್ಕದಲ್ಲಿ ಕೊಡ್ತೀರಿ?"

"ದಿನದ ಲೆಕ್ಕ" ಎಂದರು ಯಜಮಾನರು.

"ಅವನನ್ನ ಯಾಕೆ ಇಟ್ಕೊಂಡಿರೋದು?"

"ಕೊನೆ ಬಿದ್ದು ಚೆದುರಿ ಹೋಗಬಾರದಲ್ಲ."

ಆಕೆಯು ಮತ್ತೇನೂ ಕೇಳದೆ ಒಳಗೆ ಹೋದರು. ಯಜಮಾನರು ಕಾಫಿಯನ್ನು ಆರುವವರೆಗೂ ಕುಡಿಯಲಿಲ್ಲ. ಕತ್ತಲಾದ ಮೇಲೆ, ತಂದೆ ಮಗ ಎದ್ದು ನಿಂತಾಗ, ನಾಳೆಯಿಂದ ದಿನದ ಲೆಕ್ಕವೇ ಆಗಲಿ, ಪಟ್ಟಿಯ ಬೆಲೆಯನ್ನೂ ತಾವೇ ಕೊಡುವುದಾಗಿ ಹೇಳಿದರು. ಪಕ್ಕದ ತೋಟದವರು ಏನೆನ್ನುವರೋ ಎಂಬ ಮಾತನ್ನೂ ಸೇರಿಸದಿರಲಿಲ್ಲ.

ಪಕ್ಕದ ತೋಟದವರು ಅನ್ನುವುದನ್ನು ಅಂದರು. ಆ ವರ್ಷದ ಕೊಯ್ಲಿನಲ್ಲಿ ಒಂದು ತೋಟದಲ್ಲಿ ಮಾತ್ರ ಒಬ್ಬನು ಮರಕ್ಕೆ ತನ್ನನ್ನು ಕಟ್ಟಿಕೊಂಡು ಕೊನೆ ಇಳಿಸಿದನು. ಕೆಲಸವು ಇಮ್ಮಡಿಯ ದಿನವನ್ನು ತೆಗೆದುಕೊಳ್ಳಲಿಲ್ಲ. ಕೈಗಳೆರಡೂ ಬಿಡುವಾಗಿದ್ದುದರಿಂದ ಮೇಲಿನ ಕೆಲಸವು ಚುರುಕಾಯಿತು, ಅಭ್ಯಾಸವಾದ ಮೇಲೆ ಏರುವುದೂ ಸ್ವಲ್ಪ ಚುರುಕಾಯಿತು. ಹೆಚ್ಚು ದಿನಗಳಂತೂ ಹಿಡಿದುವು.

ಬೆಂಗಳೂರಿಗೆ ಹೊರಟ ಮೊಮ್ಮಗನನ್ನು ಕಳುಹಿಸಲು ಅಜ್ಜನು ಕೋಲೂರಿಕೊಂಡು ನಿಲ್ದಾಣಕ್ಕೆ ಬಂದಿದ್ದನು. ಗಾಡಿಯು ತಡವಾಗಿತ್ತು. ಅಜ್ಜನು ಚೀಲದ ಕಡೆಗೆ ಕೈ ತೋರಿಸಿ ಚಡ್ಡಿಯು ಅದರಲ್ಲಿದೆಯೇ ಎಂದು ಕೇಳಿ, ತೆಗೆಸಿ, ಬೆಂಚಿನ ಮೇಲೆ ಹರಡಿಸಿದನು. ಅಂಚನ್ನು ಮಗುಚಿ ಒಳಗಿನ ಹೊಲಿಗೆಯ ಸಾಲನ್ನು ಹೆಬ್ಬೆರಳಿನಿಂದ ಆ ತುದಿಯಿಂದ ಈ ತುದಿಯವರೆಗೆ ಒತ್ತುತ್ತ ಹೋದನು. ಹಾದುಹೋಗುತ್ತಿದ್ದವರು ದರ್ಜಿಯ ಬಳಿಗೆ ಬಂದ ಗಿರಾಕಿಯನ್ನು ನೋಡುವಂತೆ ನೋಡಿದರು. ಮೊಮ್ಮಗನಿಗೆ ನಾಚಿಕೆಯೆನಿಸಿತು, ಆದರೂ ಚಡ್ಡಿಯ ಇನ್ನೊಂದು ತುದಿಯನ್ನು ಹಿಡಿದುಕೊಂಡೇ ನಿಂತಿದ್ದನು.

"ಮೇಲೆ ಹೋಗೋ ಮುಂಚೆ ದಿನಾ ಹಿಂಗೆ ನೋಡ್ತೀಯಾ?"

"ನೋಡ್ತೀನಿ ಅಜ್ಜ."

"ಹಂಗಾದ್ರೆ ಹತ್ತು" ಎಂದು ಅಜ್ಜನು ಅದನ್ನು ಮಡಿಸಿ ಚೀಲಕ್ಕೆ ಹಾಕಿದನು. ಅಷ್ಟರಲ್ಲಿ ಗಾಡಿಯೂ ಬಂದಿತು.